ಗಡಿಗೆಯ ಬಾಯಿ ತೆರೆಯುವ ಮುನ್ನ

ಬೀಳಗಿ ಸೀಮೆಯಲ್ಲಿ ನಿಧಿಯ ಕಥೆ ಇಲ್ಲದ ಹಾಳುಗೋಡೆ ಸಿಗುವುದು ಕಷ್ಟ. ಕಥೆಗೆ ಕಾರಣವೂ ಇದೆ. ಬ್ಯಾಂಕು ಇಲ್ಲದ ಕಾಲದಲ್ಲಿ ದಂಡು ಬಂತೆಂದರೆ ದುಡ್ಡಿನ ಗಡಿಗೆ ನೆಲ ಸೇರುತ್ತಿತ್ತು. ಹುಗಿದವರು ಮರಳಿ ಬರದಿದ್ದರೆ ಅಲ್ಲೇ ಉಳಿಯುತ್ತಿತ್ತು. ಚಾಲುಕ್ಯರು, ಆದಿಲ್‌ಶಾಹಿಗಳು, ಮರಾಠರು, ಇಂಗ್ಲಿಷರು ಎಲ್ಲರನ್ನೂ ಕಂಡ ನೆಲ ಇದು.

ಈಗ ಅಂಜನ ಹಾಕುವವರ ಜಾಗಕ್ಕೆ ಮೆಟಲ್ ಡಿಟೆಕ್ಟರ್ ಬಂದಿದೆ. ಅದರೊಳಗೆ ಮಂತ್ರವೇನೂ ಇಲ್ಲ. ತಂತಿಯ ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಲೋಹ ಎದುರಾದರೆ ಅದರಲ್ಲಿ ವಿದ್ಯುತ್ ಹರಿದು, ಮರುದನಿಯಂತೆ ಸುರುಳಿಗೆ ಮರಳುತ್ತದೆ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಯೇ ಎಲ್ಲ ಲೋಹಗಳಿಗಿಂತ ಮುಂದು. ಹೀಗಾಗಿ ಅದು ಬೇಗ ಸಿಕ್ಕಿಬೀಳುತ್ತದೆ. ಆದರೆ ಒಂಟಿ ನಾಣ್ಯ ಒಂದು ಗೇಣಿಗಿಂತ ಹೆಚ್ಚು ಆಳದಲ್ಲಿದ್ದರೆ ಸಾಮಾನ್ಯ ಯಂತ್ರಕ್ಕೆ ತಿಳಿಯುವುದು ಕಷ್ಟ. ಎತ್ತಿನ ಲಾಳ, ಕುಂಟೆಯ ಕಬ್ಬಿಣದ ಚೂರು ಇವೂ ಕೂಗಿಸುತ್ತವೆ.

ಸಿಕ್ಕಿತೆಂದೇ ಇಟ್ಟುಕೊಳ್ಳಿ. ರಾಣಿ ಛಾಪಿನ ರೂಪಾಯಿಯಾದರೆ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. (1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ನಿಕ್ಕಲ್ ಬಂತು.) ವಿಜಾಪುರದ ಎರಡನೇ ಅಲಿ ಆದಿಲ್‌ಶಾಹ ಬೆಳ್ಳಿತಂತಿಯನ್ನು ಮಡಿಚಿ ಅಚ್ಚೊತ್ತಿಸಿದ ‘ಲಾರಿ’ ನಾಣ್ಯವಾದರೆ, ಹೇರ್‌ಪಿನ್ ಎಂದು ಎಸೆದುಬಿಟ್ಟೀರಿ! ಪತ್ತಾರನ ತಕ್ಕಡಿಗೆ ಮಾತ್ರ ಎರಡೂ ಒಂದೇ. ಕರಗಿದ ಮೇಲೆ ರಾಣಿಯೂ ಇಲ್ಲ, ಬಾದಶಹನೂ ಇಲ್ಲ.

2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಎಂಬಲ್ಲಿ ಆಸ್ಪತ್ರೆಯ ಅಡುಗೆಯವರೊಬ್ಬರ ಡಿಟೆಕ್ಟರ್ ಕೂಗಿತು. ಕೆಳಗೆ ಗಡಿಗೆಯೆಂದು ತಿಳಿದೊಡನೆ ಅವರು ಅಗೆಯುವುದನ್ನು ನಿಲ್ಲಿಸಿ ಪ್ರಾಚ್ಯವಸ್ತು ತಜ್ಞರನ್ನು ಕರೆದರು. ಒಳಗಿದ್ದದ್ದು 52,503 ರೋಮನ್ ನಾಣ್ಯಗಳು. ಪದರ ಪದರವಾಗಿ ತೆಗೆದಾಗ, ಎಲ್ಲಕ್ಕಿಂತ ಈಚಿನ ನಾಣ್ಯಗಳಲ್ಲಿ ಹೆಚ್ಚಿನವು ಮೇಲಲ್ಲ, ಆಳದಲ್ಲಿದ್ದವು. ಅಂದರೆ ವರ್ಷವರ್ಷ ಕೂಡಿಟ್ಟ ಗಂಟಲ್ಲ, ಒಮ್ಮೆಗೇ ಸುರಿದದ್ದು ಎಂದು ತಿಳಿಯಿತು. ಗಡಿಗೆಯನ್ನು ಬೋರಲು ಹಾಕಿದ್ದರೆ ಈ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮಲ್ಲೂ ಕಾನೂನಿದೆ. ದೇಶಕ್ಕೆ 1878ರ ನಿಧಿ ಕಾಯ್ದೆ, ಕರ್ನಾಟಕಕ್ಕೆ 1962ರ ಕಾಯ್ದೆ. ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ‘ಸರ್ಕಾರಕ್ಕೆ ಹೇಳಿದರೆ ಎಲ್ಲ ಹೋಯಿತು’ ಎಂಬ ಭಯದಿಂದಲೇ ಜನ ರಾತ್ರೋರಾತ್ರಿ ಕರಗಿಸುತ್ತಾರೆ. ಹೇಳಿದವನ ಕೈಗೆ ನ್ಯಾಯವಾದ ಪಾಲು ಬೇಗ ಸಿಕ್ಕರೆ ಭಯವೂ ತಗ್ಗೀತು. ಇದು ಅಧಿಕಾರಿಗಳು ಯೋಚಿಸಬೇಕಾದ ಮಾತು.

ಬೀಳಗಿಗೆ ಇದರ ಅವಸರ ಹೆಚ್ಚು. ಕೃಷ್ಣೆ, ಘಟಪ್ರಭೆಗಳ ನಡುವಿನ ಈ ತಾಲ್ಲೂಕಿನ ಊರುಗಳು ಆಲಮಟ್ಟಿ ಹಿನ್ನೀರಿಗೆ ಸಿಕ್ಕಿ ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋಗಿವೆ. ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಮತ್ತಷ್ಟು ಮನೆಗಳ ಗೋಡೆ ಬೀಳಲಿವೆ, ಹಗೇವುಗಳ ಬಾಯಿ ತೆರೆಯಲಿದೆ.

ಆಗ ನಿಮ್ಮ ಕಣ್ಣಿಗೆ ಒಂದು ನಾಣ್ಯ ಬಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆದೀತು. ಗಡಿಗೆಯಾದರೆ ಅಲುಗಿಸಬೇಡಿ. ಯಾರ ಹೊಲ, ಯಾವ ಗೋಡೆ, ಎಷ್ಟು ಆಳ ಎಂದು ಬರೆದಿಟ್ಟು ತಹಶೀಲ್ದಾರರ ಕಚೇರಿಗೆ ಸುದ್ದಿ ಮುಟ್ಟಿಸಿ. ನೀರು ನಿಂತ ಮೇಲೆ ಆ ಊರಿನ ಬಗ್ಗೆ ಹೇಳಲು ಆ ಚೀಟಿಯಾದರೂ ಉಳಿದಿರುತ್ತದೆ.