ಫೋನಿನಲ್ಲಿ ಬರುವ ‘ಅಧಿಕಾರಿ’: ರಸೀದಿ ಕೇಳುವುದೇ ರಕ್ಷಣೆ

ಶಿಡ್ಲಘಟ್ಟ: ಕಳೆದ ವರ್ಷ ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನನಗೊಂದು ಫೋನ್ ಬಂತು. ‘ನಗರಸಭೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಟ್ರೇಡ್ ಲೈಸೆನ್ಸ್ ನವೀಕರಣ ಆಗಿಲ್ಲ. ಈಗಲೇ 4,500 ರೂಪಾಯಿ ಫೋನ್‌ಪೇ ಮಾಡಿ, ಇಲ್ಲಾಂದ್ರೆ ನಾಳೆ ಅಂಗಡಿಗೆ ಬೀಗ’ ಎಂದರು. ನನ್ನ ಹೆಸರು, ಅಂಗಡಿಯ ಹೆಸರು ಎರಡೂ ಸರಿಯಾಗಿ ಹೇಳಿದರು. ಹಣ ಹಾಕಲು ಹೊರಟಿದ್ದೆ. ಮಗ ತಡೆದು, ‘ರಸೀದಿ ಯಾರು ಕೊಡ್ತಾರೆ ಕೇಳಿ ಅಪ್ಪಾ’ ಎಂದ. ಕೇಳಿದ ಕೂಡಲೇ ಫೋನ್ ಕಟ್ ಆಯಿತು. ಮರುದಿನ ಕಚೇರಿಗೆ ಹೋಗಿ ವಿಚಾರಿಸಿದರೆ ಲೈಸೆನ್ಸ್ ಚಾಲ್ತಿಯಲ್ಲೇ ಇತ್ತು.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ‘ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ ಕರೆಂಟ್ ಕಟ್’ ಎಂಬ ನಕಲಿ ಸಂದೇಶಗಳ ಬಗ್ಗೆ ಬೆಸ್ಕಾಂ ಎಚ್ಚರಿಸಿದೆ. 2025ರ ಜೂನ್‌ನಲ್ಲಿ, ಲೋಕಾಯುಕ್ತದ ಹೆಸರು ಹೇಳಿ ಸರ್ಕಾರಿ ಅಧಿಕಾರಿಗಳಿಂದಲೇ ಹಣ ವಸೂಲಿ ಮಾಡಿದ ಆರೋಪದ ಮೇಲೆ ಮಾಜಿ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಬಂಧನವಾಯಿತು. ಅಧಿಕಾರಿಗಳೇ ಹೆದರುವಾಗ ನಮ್ಮಂಥವರ ಪಾಡೇನು?

ಹೆದರಿಕೆಯ ಮೂಲವನ್ನು ನಾವೇ ಒಪ್ಪಿಕೊಳ್ಳಬೇಕು. ‘ಕಚೇರಿಗೆ ಯಾರು ಅಲೆಯುತ್ತಾರೆ, ಕೊಟ್ಟು ಮುಗಿಸೋಣ’ ಎನ್ನುವುದು ವ್ಯಾಪಾರಸ್ಥರ ಹಳೆಯ ರೂಢಿ. ಕಾಗದವಿಲ್ಲದೆ ಕೊಟ್ಟು ಅಭ್ಯಾಸವಾದವರಿಗೆ ಅಸಲಿ ಯಾರು, ನಕಲಿ ಯಾರು ಎಂದು ಗೊತ್ತಾಗುವುದಾದರೂ ಹೇಗೆ? ಮೋಸಗಾರ ನಂಬಿರುವುದು ಈ ರೂಢಿಯನ್ನೇ.

ಎರಡನೆಯದು ನಾಚಿಕೆ. ಪರಿಚಯದ ಹಿರಿಯರೊಬ್ಬರು ಹೀಗೆಯೇ ಹಣ ಕಳೆದುಕೊಂಡು ಮೂರು ವಾರ ಮನೆಯವರಿಗೂ ಹೇಳಲಿಲ್ಲ. ದೂರು ಕೊಡುವಷ್ಟರಲ್ಲಿ ಹಣ ಎಷ್ಟೋ ಖಾತೆ ದಾಟಿತ್ತು. 1930 ಸಹಾಯವಾಣಿಗೆ ತಕ್ಷಣ ತಿಳಿಸಿದರೆ ಮಾತ್ರ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.

ಕಾನೂನು ನಮ್ಮ ಪರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಪ್ರಕಾರ, ಸರ್ಕಾರಿ ಅಧಿಕಾರಿಯೆಂದು ನಟಿಸಿ ವಂಚಿಸುವವರಿಗೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು ಮತ್ತು ದಂಡ.

ಮನೆಯಲ್ಲಿ ಎಲ್ಲರಿಗೂ, ಮುಖ್ಯವಾಗಿ ಒಂಟಿಯಾಗಿರುವ ಹಿರಿಯರಿಗೆ, ಇಷ್ಟು ಹೇಳಿಡಿ:

* ಫೋನಿನಲ್ಲಿ ಯಾರೇ ಹಣ ಕೇಳಲಿ, ‘ನೋಟಿಸ್ ಕೊಡಿ, ಕಚೇರಿಗೇ ಬಂದು ಕಟ್ಟುತ್ತೇನೆ’ ಎನ್ನಿ.
* ಮನೆಗೆ ಬಂದವರ ಗುರುತಿನ ಚೀಟಿ ನೋಡಿ, ಕಚೇರಿಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅವರು ಕೊಟ್ಟ ನಂಬರಿಗೆ ಬೇಡ.
* ಒಟಿಪಿ ಯಾರಿಗೂ ಹೇಳಬೇಡಿ. ಅವರು ಕಳಿಸಿದ ಆ್ಯಪ್ ಹಾಕಿಕೊಳ್ಳಬೇಡಿ.
* ಹಣ ಹೋದರೆ ಮೊದಲು 1930, ನಂತರ ಬ್ಯಾಂಕ್, ಆಮೇಲೆ ಪೊಲೀಸ್ ಠಾಣೆ.

ನಿಜವಾದ ಅಧಿಕಾರಿ ರಸೀದಿ ಕೇಳಿದರೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ, ಅವರು ಯಾರೇ ಆಗಿರಲಿ, ಹಣ ಕೊಡಬೇಡಿ.