ಕಟ್ಟಿದವರ ಹಡಗು, ಕೂಡಿಟ್ಟವರ ಹಡಗು

ಮಾದರಿ ಹಡಗುಗಳ ಹವ್ಯಾಸಕ್ಕೆ ಬಿದ್ದವರ ನಡುವೆ ಒಂದು ಹಳೆಯ ತಕರಾರಿದೆ. ತಿಂಗಳುಗಟ್ಟಲೆ ಕೂತು ಹಲಗೆ ಬಗ್ಗಿಸಿ, ಹಗ್ಗ ಬಿಗಿದು ಹಡಗು ಕಟ್ಟುವವರಿಗೆ, ದುಡ್ಡು ಕೊಟ್ಟು ಸಿದ್ಧ ಮಾದರಿ ತಂದು ಗಾಜಿನ ಕಪಾಟಿನಲ್ಲಿಡುವವರನ್ನು ಹವ್ಯಾಸಿಗಳೆಂದು ಒಪ್ಪಲು ಮನಸ್ಸು ಬಾರದು. ಕೂಡಿಡುವವರು ಹೇಳುವುದೇ ಬೇರೆ: ಒಂದು ಹಡಗಿಗೆ ಎರಡು ವರ್ಷ ಕೊಟ್ಟವನಿಗೆ ಆ ಒಂದು ಹಡಗು ಗೊತ್ತು, ನಮಗೆ ಕಡಲಿನ ಚರಿತ್ರೆಯೇ ಗೊತ್ತು. ನನ್ನ ಒಲವು ಕಟ್ಟುವವರ ಕಡೆಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಒಲವಿಗೆ ಎದುರು ನಿಲ್ಲುವ ಸಾಕ್ಷ್ಯ ಗಟ್ಟಿಯಾಗಿದೆ, ಅದನ್ನು ತೂಗದೆ ತೀರ್ಪು ಕೊಡುವುದು ನ್ಯಾಯವಾಗದು.

ಕಟ್ಟುವವರ ಪರವಾದ ಮಾತು ಕೈಯಿಂದಲೇ ಶುರುವಾಗಬೇಕು. ಮರದ ಮಾದರಿಯಲ್ಲಿ ಮೊದಲು ಅಡಿಮರ, ಅದರ ಮೇಲೆ ಸಾಲಾಗಿ ನಿಲ್ಲುವ ಅಡ್ಡ ಚೌಕಟ್ಟುಗಳು, ಆಮೇಲೆ ಒಂದೊಂದೇ ಹಲಗೆ. ಒಂದೇ ಅಗಲದ ಪಟ್ಟಿಗಳನ್ನು ಹಿಂಬದಿಯಿಂದ ಮೂತಿಯವರೆಗೆ ಅಂಟಿಸುತ್ತ ಹೋದರೆ ಮೂತಿಯ ಹತ್ತಿರ ಜಾಗ ಸಾಲದೆ ಹಲಗೆಗಳು ಒಂದರ ಮೇಲೊಂದು ಏರುತ್ತವೆ. ಹಡಗಿನ ಸುತ್ತಳತೆ ನಡುವಿನಲ್ಲಿ ಹೆಚ್ಚು, ಮೂತಿಯಲ್ಲಿ ಕಡಿಮೆ. ಆದ್ದರಿಂದ ಪ್ರತಿ ಹಲಗೆಯನ್ನೂ ತುದಿಯ ಕಡೆಗೆ ಕಿರಿದಾಗುವಂತೆ ಹೆರೆಯಬೇಕು, ನೀರಿನಲ್ಲಿ ನೆನೆಸಿ ಬಿಸಿ ತಾಗಿಸಿ ಬಗ್ಗಿಸಬೇಕು. ಇದನ್ನು ಪುಸ್ತಕದಲ್ಲಿ ಒಂದು ವಾಕ್ಯದಲ್ಲಿ ಓದಿ ಮುಂದೆ ಹೋಗಬಹುದು. ಹಲಗೆ ಕೈಯಲ್ಲಿ ಹಿಡಿದವನಿಗೆ ಮಾತ್ರ, ಮುನ್ನೂರು ವರ್ಷಗಳ ಹಿಂದೆ ನಿಜವಾದ ಹಡಗಿನ ಮುಂದೆ ಉಳಿ ಹಿಡಿದು ನಿಂತ ಬಡಗಿಗೂ ಇದೇ ತೊಡಕು ಎದುರಾಗಿತ್ತು ಎಂಬುದು ಮನದಟ್ಟಾಗುತ್ತದೆ.

ಹಗ್ಗಗಳ ವಿಷಯದಲ್ಲಿ ಇನ್ನೂ ಹೀಗೆ. ಹಾಯಿಹಡಗಿನಲ್ಲಿ ಹಗ್ಗಗಳು ಎರಡು ಬಗೆ. ಹಾಯಿಕಂಬಗಳನ್ನು ಅಲುಗಾಡದಂತೆ ಹಿಡಿದಿಡುವ ಹಗ್ಗಗಳಿಗೆ ಮಳೆ ಬಿಸಿಲು ತಡೆಯಲೆಂದು ಟಾರು ಬಳಿಯುತ್ತಿದ್ದರು, ಅವು ಕಪ್ಪಗಿರುತ್ತವೆ. ಹಾಯಿಯನ್ನು ಏರಿಸಿ ಇಳಿಸಿ ತಿರುಗಿಸುವ ಹಗ್ಗಗಳು ಕಂದು ಬಣ್ಣದಲ್ಲೇ ಉಳಿಯುತ್ತವೆ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಇದ್ದ 'ವಿಕ್ಟರಿ' ಹಡಗನ್ನು ಫ್ರಾನ್ಸಿನ ಹೆಲರ್ ಕಂಪನಿ 1:100 ಅಳತೆಯ ಪ್ಲಾಸ್ಟಿಕ್ ಕಿಟ್ ಆಗಿ ತಂದಿತು. ಆ ಅಳತೆಯಲ್ಲಿ ಎರಡು ಸೆಂಟಿಮೀಟರ್ ದಪ್ಪದ ಹಗ್ಗ 0.2 ಮಿಲಿಮೀಟರಿನ ದಾರವಾಗುತ್ತದೆ. ನಾವಿಕರು ಹತ್ತುತ್ತಿದ್ದ ಹಗ್ಗದ ಏಣಿಗಳ ಒಂದೊಂದು ಮೆಟ್ಟಿಲಿಗೂ, ಅದು ದಾಟುವ ಒಂದೊಂದು ಹಗ್ಗಕ್ಕೂ ಗಂಟು ಹಾಕಬೇಕು. ಯಾವ ಹಗ್ಗ ಯಾವ ಗೂಟಕ್ಕೆ ಬರುತ್ತದೆ ಎಂದು ಹುಡುಕುತ್ತ ಹೋದವನಿಗೆ, ಕತ್ತಲಲ್ಲಿ ಬಿರುಗಾಳಿಯ ನಡುವೆ ಸರಿಯಾದ ಹಗ್ಗಕ್ಕೇ ಕೈ ಹಾಕುತ್ತಿದ್ದ ನಾವಿಕನ ಮೇಲೆ ಗೌರವ ಹುಟ್ಟದೆ ಇರದು. ಈ ತಿಳಿವಳಿಕೆ ಖರೀದಿಯಿಂದ ಬರುವುದಿಲ್ಲ ಎಂದು ಕಟ್ಟುವವರು ಹೇಳಿದರೆ ಅದು ಹೆಮ್ಮೆಯ ಮಾತಲ್ಲ, ಇದ್ದದ್ದು ಇದ್ದ ಹಾಗೆ.

ಇನ್ನು ಅವರ ವಿರುದ್ಧವಾದದ್ದು. ಕಟ್ಟುತ್ತೇವೆ ಎನ್ನುವವರಲ್ಲಿ ಬಹುಪಾಲು ಮಂದಿ ಜೋಡಿಸುವವರು. ಕಿಟ್‌ನಲ್ಲಿ ಯಾರೋ ಮೊದಲೇ ತೀರ್ಮಾನಿಸಿದ ಆಕಾರ ಇರುತ್ತದೆ, ಯಾರೋ ಮಾಡಿದ ತಪ್ಪೂ ಇರುತ್ತದೆ. ಅಮೆರಿಕದ ರೆವೆಲ್ ಕಂಪನಿ 1953ರಲ್ಲಿ ತಂದ ಯುದ್ಧನೌಕೆ 'ಮಿಸ್ಸೌರಿ'ಯ ಕಿಟ್ 1:535ರದು. ಆ ವಿಚಿತ್ರ ಅಂಕಿಗೆ ಹಡಗಿನ ಚರಿತ್ರೆಯಲ್ಲಿ ಯಾವ ಕಾರಣವೂ ಇಲ್ಲ. ಆ ಕಾಲದ ಕಿಟ್‌ಗಳಲ್ಲಿ ಮಾದರಿಯ ಅಳತೆಯನ್ನು ರಟ್ಟಿನ ಡಬ್ಬಿಯ ಅಳತೆ ನಿರ್ಧರಿಸುತ್ತಿತ್ತು. ಹೀಗಾಗಿ ಎರಡು ಡಬ್ಬಿಗಳಿಂದ ಬಂದ ಎರಡು ಹಡಗುಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ದೊಡ್ಡದೆಂದು ತಿಳಿಯುವುದೇ ಸಾಧ್ಯವಿರಲಿಲ್ಲ. 1971ರಲ್ಲಿ ಜಪಾನಿನ ಶಿಜುವೊಕಾದ ನಾಲ್ಕು ಕಂಪನಿಗಳು, ತಮಿಯಾ, ಹಸೆಗಾವಾ, ಅವೋಶಿಮಾ, ಫುಜಿಮಿ, ಒಟ್ಟಾಗಿ 1:700ರ ಸರಣಿ ಆರಂಭಿಸಿ ಹಡಗುಗಳನ್ನು ಹಂಚಿಕೊಂಡ ಮೇಲೆ ಈ ಗೊಂದಲ ಎಷ್ಟೋ ತಗ್ಗಿತು.

ಬಣ್ಣದ ಕತೆಯೂ ಇದೆ. ಸ್ವೀಡನ್ನಿನ 'ವಾಸಾ' 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಲ್ಲೇ, ಮೊದಲ ಪಯಣದಲ್ಲೇ ಮುಳುಗಿತು. 1961ರಲ್ಲಿ ಅದನ್ನು ಮೇಲೆತ್ತಿದರು. ಅದರ ಹಿಂಬದಿಯ ಕೆತ್ತನೆಗಳ ಹಿನ್ನೆಲೆ ನೀಲಿ ಎಂದು ಬಹಳ ಕಾಲ ನಂಬಲಾಗಿತ್ತು. ಕಿಟ್‌ಗಳೂ ನೀಲಿಯನ್ನೇ ಹೇಳಿದವು, ಹವ್ಯಾಸಿಗಳು ನೀಲಿಯನ್ನೇ ಬಳಿದರು. ಮರದಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಅದು ಕೆಂಪು ಎಂದು ಗೊತ್ತಾಯಿತು. ಈಗ ಅಲ್ಲಿನ ವಸ್ತುಸಂಗ್ರಹಾಲಯದ 1:10 ಮಾದರಿಯೂ ಕೆಂಪೇ. ವರ್ಷಗಟ್ಟಲೆ ದುಡಿದು ನೀಲಿ 'ವಾಸಾ' ಕಟ್ಟಿದವರ ಶ್ರಮ ಸುಳ್ಳಲ್ಲ, ಆದರೆ ಶ್ರಮಪಟ್ಟ ಮಾತ್ರಕ್ಕೆ ಮಾದರಿ ನಿಜವಾಗುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ. ಇನ್ನು ಬಿಡಿಸದೆ ಅಟ್ಟದ ಮೇಲೆ ಪೇರಿಸಿಟ್ಟ ಡಬ್ಬಿಗಳ ವಿಷಯ ಈ ಹವ್ಯಾಸದವರಿಗೆಲ್ಲ ಗೊತ್ತು. ಮುಂದೆ ಕಟ್ಟುತ್ತೇನೆಂದು ಕೊಂಡವನೂ ಕ್ರಮೇಣ ಕೂಡಿಡುವವನೇ ಆಗುತ್ತಾನೆ.

ಕೂಡಿಡುವವರ ಪರವಾಗಿ ನಿಲ್ಲುವ ದೊಡ್ಡ ಸಾಕ್ಷಿ ಅಮೆರಿಕದ ಅನ್ನಾಪೊಲಿಸ್‌ನಲ್ಲಿರುವ ನೌಕಾ ಅಕಾಡೆಮಿಯ ವಸ್ತುಸಂಗ್ರಹಾಲಯದಲ್ಲಿದೆ. 17ನೇ ಶತಮಾನದ ನಡುವಿನಿಂದ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳ ಅಚ್ಚುಕಟ್ಟಾದ ಮಾದರಿಗಳು ತಯಾರಾಗುತ್ತಿದ್ದವು. ಕೆಳಭಾಗಕ್ಕೆ ಹಲಗೆ ಹೊದಿಸದೆ ಒಳಗಿನ ಚೌಕಟ್ಟು ಕಾಣುವಂತೆ ಬಿಡುತ್ತಿದ್ದರು. ಚಾರ್ಲ್ಸ್ ಸರ್ಜಿಸನ್ ಎಂಬ ನೌಕಾ ಮಂಡಳಿಯ ಅಧಿಕಾರಿ ಅಂಥ ಮಾದರಿಗಳನ್ನು ಸಸೆಕ್ಸ್‌ನ ತನ್ನ ಮನೆಯಲ್ಲಿ ಕೂಡಿಟ್ಟ. ಸುಮಾರು ಎರಡು ಶತಮಾನ ಅವು ಅದೇ ಮನೆಯಲ್ಲಿದ್ದವು. 1920ರ ದಶಕದಲ್ಲಿ ಹೆನ್ರಿ ಹಟಲ್‌ಸ್ಟನ್ ರೋಜರ್ಸ್ ಎಂಬ ಶ್ರೀಮಂತ ಅವನ್ನು ಕೊಂಡ. 1935ರಲ್ಲಿ ತೀರಿಕೊಂಡಾಗ ಉಯಿಲಿನ ಮೂಲಕ ತನ್ನ ಸಂಗ್ರಹವನ್ನು ಅಕಾಡೆಮಿಗೆ ಬಿಟ್ಟುಹೋದ. ಆ ಕಾಲದ ಹಡಗುಗಳಲ್ಲಿ ಬಹುತೇಕ ಎಲ್ಲವೂ ಒಡೆದು, ಸುಟ್ಟು, ಮುಳುಗಿ ಹೋಗಿವೆ. ಅವುಗಳ ಚೌಕಟ್ಟು ಹೇಗಿತ್ತು, ಕೆತ್ತನೆ ಹೇಗಿತ್ತು ಎಂದು ಇಂದು ಯಾರಾದರೂ ಹೇಳಬಲ್ಲರಾದರೆ ಅದರಲ್ಲಿ ಕೂಡಿಟ್ಟ ಈ ಇಬ್ಬರ ಪಾಲು ದೊಡ್ಡದು. ಇಬ್ಬರೂ ಆ ಮಾದರಿಗಳನ್ನು ಕಟ್ಟಿದವರಲ್ಲ. ಕಟ್ಟಿದವರ ಹೆಸರುಗಳು ಹೆಚ್ಚಿನಂಶ ಅಳಿದುಹೋಗಿವೆ. ಇದು ಕೂಡಿಡುವವರ ಪರವಾದ ಸಾಕ್ಷ್ಯವೂ ಹೌದು, ಅವರ ಮೇಲಿನ ದೂರೂ ಹೌದು.

ಇಟ್ಟುಕೊಳ್ಳುವುದೂ ಒಂದು ವಿದ್ಯೆ. ಹಳೆಯ ಮಾದರಿಗಳಲ್ಲಿ ಫಿರಂಗಿ, ಲಂಗರು ಮುಂತಾದ ಸಣ್ಣ ಭಾಗಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು. ಓಕ್ ಮರ, ಪ್ಲೈವುಡ್, ಕೆಲವು ಅಂಟುಗಳು ಹುಳಿ ಆವಿಯನ್ನು ಬಿಡುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ತುಂಬಿಕೊಂಡರೆ ಸೀಸ ಬಿಳಿಪುಡಿಯಾಗಿ ಉದುರುತ್ತದೆ. ಧೂಳು ಬೀಳದಿರಲೆಂದು ಮುಚ್ಚಿಟ್ಟ ಪೆಟ್ಟಿಗೆಯೇ ಹಡಗನ್ನು ತಿನ್ನುತ್ತದೆ. ಕಟ್ಟಿ ಮುಗಿಸಿ ಮುಂದಿನ ಕಿಟ್‌ಗೆ ಹೋಗುವವರಲ್ಲಿ ಎಷ್ಟು ಮಂದಿ ಇದನ್ನು ಯೋಚಿಸುತ್ತಾರೆ? ಒಳ್ಳೆಯ ಸಂಗ್ರಾಹಕ ಯೋಚಿಸುತ್ತಾನೆ.

ಹೋಲಿಕೆಯಿಂದ ಸಿಗುವ ತಿಳಿವಳಿಕೆಯೂ ಅವರದೇ. ಜರ್ಮನಿಯಲ್ಲಿ 1:1250 ಅಳತೆಯ ಪುಟ್ಟ ಹಡಗುಗಳನ್ನು ಕೂಡಿಡುವ ರೂಢಿ 1930ರ ದಶಕದಿಂದ ಇದೆ. ಆ ಅಳತೆಯಲ್ಲಿ ನಮ್ಮ ಮೊದಲ 'ವಿಕ್ರಾಂತ್' ವಿಮಾನವಾಹಕ ನೌಕೆ ಸುಮಾರು 17 ಸೆಂಟಿಮೀಟರ್. ಇಪ್ಪತ್ತು ಮೀಟರಿನ ಮೀನುಗಾರಿಕೆ ಬೋಟು 16 ಮಿಲಿಮೀಟರ್. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗ ಆಗುವ ಅರಿವು ಯಾವ ಒಂದೇ ಹಡಗನ್ನು ಕಟ್ಟಿದರೂ ಬಾರದು.

ಕೊಳ್ಳುವ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರು ಇಂಗ್ಲೆಂಡಿನ ನಾರ್ಮನ್ ಕ್ರಾಸ್‌ನಂಥ ಸೆರೆ ಶಿಬಿರಗಳಲ್ಲಿ, ಊಟದ ಮಾಂಸದಲ್ಲಿ ಉಳಿದ ಮೂಳೆಗಳನ್ನು ಕೆತ್ತಿ ಹಡಗು ಮಾಡಿದರು. ಅವನ್ನು ಶಿಬಿರದ ಸಂತೆಯಲ್ಲಿ ಮಾರಿ ನಾಲ್ಕು ಕಾಸು ಕಂಡರು. ನೆನಪಿನಿಂದ ಮಾಡಿದವು, ಅಳತೆ ಸರಿಯಿಲ್ಲ, ಹಾಯಿಕಂಬಗಳು ಅತಿ ಎತ್ತರ. ಕೊಳ್ಳುವ ಜನ ಇಲ್ಲದಿದ್ದರೆ ಆ ಹಡಗುಗಳೂ ಇರುತ್ತಿರಲಿಲ್ಲ, ಸೆರೆಯಾಳುಗಳ ಹೊಟ್ಟೆಗೆ ಆ ಆಸರೆಯೂ ಇರುತ್ತಿರಲಿಲ್ಲ. ಇವತ್ತು ಮಾರಿಷಸ್‌ನಲ್ಲಿ ಹೀಗೇ ಒಂದು ಉದ್ಯಮವಿದೆ. 1960ರ ದಶಕದ ಕೊನೆಯಲ್ಲಿ ಶುರುವಾದದ್ದು. ಕಾರ್ಯಾಗಾರಗಳಲ್ಲಿ ಒಬ್ಬರು ಮರ ಕೊಯ್ದರೆ ಇನ್ನೊಬ್ಬರು ಹಲಗೆ ಹೊದಿಸುತ್ತಾರೆ, ಹಗ್ಗ ಕಟ್ಟುವವರು ಮತ್ತೊಬ್ಬರು. ಕೊಂಡವರ ಮನೆಯ ಗಾಜಿನ ಪೆಟ್ಟಿಗೆಯ ಮೇಲೆ ಹಡಗಿನ ಹೆಸರಿರುತ್ತದೆ. ಕಟ್ಟಿದ ಕೈಗಳ ಹೆಸರೂ ಅದರ ಕೆಳಗೆ ಇರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕೊಳ್ಳುವವರು ಕೇಳಿದರೆ ಅದು ಆಗದ ಕೆಲಸವೇನಲ್ಲ.

ಎರಡೂ ಪಂಗಡಗಳು ಸೇರಿ ಉತ್ತರ ಕೊಡಬೇಕಾದ ಆಕ್ಷೇಪ ಒಂದಿದೆ: ಈ ಹವ್ಯಾಸದ ಕಪಾಟುಗಳಲ್ಲಿ ಯುದ್ಧನೌಕೆಗಳೇ ಯಾಕೆ ಇಷ್ಟು? ಹ್ಯಾಂಬರ್ಗ್‌ನ ಪೀಟರ್ ಟಾಮ್ ಆರು ವರ್ಷದವನಿದ್ದಾಗ ತಾಯಿ ಕೊಟ್ಟ ಒಂದು ಪುಟ್ಟ ಹಡಗಿನಿಂದ ಸಂಗ್ರಹ ಆರಂಭಿಸಿದ. ಅದು ಬೆಳೆದು ಬೆಳೆದು 2008ರಲ್ಲಿ ಒಂದು ಹಳೆಯ ಉಗ್ರಾಣ ಕಟ್ಟಡದ ತುಂಬ ವಸ್ತುಸಂಗ್ರಹಾಲಯವಾಯಿತು. ನಗರಾಡಳಿತ ಅದಕ್ಕೆ 3 ಕೋಟಿ ಯೂರೊ ಕೊಟ್ಟಾಗ ಅಲ್ಲಿನ ಹಲವರು ಪ್ರತಿಭಟಿಸಿದರು. ಇದು ಯುದ್ಧದ ವೈಭವೀಕರಣ, ಸತ್ತವರು ಇಲ್ಲಿ ಎಲ್ಲಿದ್ದಾರೆ ಎಂದು ಕೇಳಿದರು. ಆ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗದು. ಹವ್ಯಾಸಿಗಳ ಪ್ರೀತಿಯ ಜರ್ಮನ್ ಯುದ್ಧನೌಕೆ 'ಬಿಸ್ಮಾರ್ಕ್' 1941ರ ಮೇ 27ರಂದು 2,000ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. 1:350ರ ಮಾದರಿಯ ಡೆಕ್ ಸ್ವಚ್ಛವಾಗಿರುತ್ತದೆ.

ಇದಕ್ಕೆ ಹವ್ಯಾಸಿಗಳ ಒಂದು ಉತ್ತರ ಪ್ರಾಯೋಗಿಕ. ನೌಕಾಪಡೆಗಳು ನಕ್ಷೆ, ಫೋಟೊಗಳನ್ನು ಜೋಪಾನ ಮಾಡಿದಷ್ಟು ಸರಕು ಹಡಗಿನ ಮಾಲೀಕರು ಮಾಡಲಿಲ್ಲ. ಇನ್ನೊಂದು ಉತ್ತರ ದಿಯುವಿನ ಕಡಲ ದಡದಲ್ಲಿದೆ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿದ 'ಖುಕ್ರಿ'ಯಲ್ಲಿ 18 ಅಧಿಕಾರಿಗಳು, 176 ನಾವಿಕರು ಜೀವ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಅವರೆಲ್ಲರ ಸ್ಮಾರಕದಲ್ಲಿ ಕಡಲಿಗೆ ಮುಖ ಮಾಡಿ ಗಾಜಿನೊಳಗೆ ಇಟ್ಟಿರುವುದು 'ಖುಕ್ರಿ'ಯ ಮಾದರಿಯನ್ನು. ಅಲ್ಲಿ ನಿಂತವರಿಗೆ ಅದು ಆಟಿಕೆಯಾಗಿ ಕಾಣುವುದು ಸಾಧ್ಯವಿಲ್ಲ. ಹಾಗಾದರೆ ಮಾದರಿ ತಾನೇ ಯುದ್ಧವನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಅದರ ಪಕ್ಕದಲ್ಲಿ ಏನನ್ನು ಬರೆದಿಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನೆಯ ಕಪಾಟಿನಲ್ಲಿ 'ಬಿಸ್ಮಾರ್ಕ್' ಇಟ್ಟವರೂ ಒಂದು ಚೀಟಿಯಲ್ಲಿ ಸತ್ತವರ ಸಂಖ್ಯೆ ಬರೆದಿಡಲಿ ಎಂದರೆ ಹೆಚ್ಚು ಕೇಳಿದಂತಾಗದು.

ನಮ್ಮ ಕಡೆ ಈ ಹವ್ಯಾಸಕ್ಕೆ ಬಾಗಿಲು ತೆರೆಯುವುದರಲ್ಲಿ ಎನ್‌ಸಿಸಿಯ ನೌಕಾ ವಿಭಾಗದ ಪಾತ್ರವಿದೆ. ಅಲ್ಲಿನ ಕೆಡೆಟ್‌ಗಳಿಗೆ ಹಡಗಿನ ಮಾದರಿ ಮಾಡುವುದು ತರಬೇತಿಯ ಭಾಗ, ಸ್ಪರ್ಧೆಯೂ ಉಂಟು. ಕಾರವಾರದ ಕಡಲತೀರದಲ್ಲಿ 'ಚಾಪಲ್' ಎಂಬ ನಿಜವಾದ ಕ್ಷಿಪಣಿ ನೌಕೆಯೇ ವಸ್ತುಸಂಗ್ರಹಾಲಯವಾಗಿ ನಿಂತಿದೆ, ಅಳತೆ ನೋಡಬೇಕೆನ್ನುವ ಹುಡುಗ ಹುಡುಗಿಯರು ಹತ್ತಿ ನೋಡಬಹುದು. 'ವಿಕ್ರಾಂತ್'ಗೆ ಆ ಭಾಗ್ಯ ಉಳಿಯಲಿಲ್ಲ. ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಅದನ್ನು 2014ರಲ್ಲಿ ಒಡೆಯಲು ಮಾರಿದರು. ಈಗ ಅದರ ಪೂರ್ತಿ ಆಕಾರ ನೋಡಬೇಕೆಂದರೆ ಮಾದರಿಗಳೇ ಗತಿ.

'ವಿಕ್ರಾಂತ್'ಗಾದರೂ ನಕ್ಷೆಗಳಿವೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ 'ಕೌಂಡಿನ್ಯ' ಹಡಗಿಗೆ ಅದೂ ಇರಲಿಲ್ಲ. ಅಜಂತಾದ ಒಂದು ಚಿತ್ರವನ್ನು ಆಧಾರ ಮಾಡಿಕೊಂಡು ಆಕಾರ ಊಹಿಸಿ, ಐಐಟಿ ಮದ್ರಾಸಿನಲ್ಲಿ ಮಾದರಿಯ ಪರೀಕ್ಷೆ ನಡೆಸಿ ಕಟ್ಟಬೇಕಾಯಿತು. ಹಳೆಯ ಹೊಲಿದ ಹಡಗಿನ ಒಂದು ಸರಿಯಾದ ಮಾದರಿಯನ್ನು ಯಾರಾದರೂ ಕಟ್ಟಿ, ಇನ್ಯಾರಾದರೂ ಇಟ್ಟುಕೊಂಡಿದ್ದರೆ ಆ ಊಹೆಯಲ್ಲಿ ಎಷ್ಟು ಪಾಲು ಕಡಿಮೆಯಾಗುತ್ತಿತ್ತು!

ಈ ಕಾರಣಕ್ಕೇ ನನ್ನ ತಕ್ಕಡಿ ಕೊನೆಗೆ ಕಟ್ಟುವವರ ಕಡೆ ವಾಲುತ್ತದೆ, ಅದೂ ಡಬ್ಬಿ ಬಿಟ್ಟು ಕಟ್ಟುವವರ ಕಡೆ. 'ವಿಕ್ಟರಿ'ಯ ಕಿಟ್‌ಗಳಿಗೆ ಲೆಕ್ಕವಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಯ ಕಿಟ್ ಯಾವ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮರದ ಬೋಟುಗಳ ಜಾಗಕ್ಕೆ ಉಕ್ಕು, ಫೈಬರ್ ಬರುತ್ತಿವೆ. ಮರದ ಹಡಗು ಕಟ್ಟುವ ಎಷ್ಟೋ ಆಚಾರಿಗಳು ಕಾಗದದ ನಕ್ಷೆ ಇಲ್ಲದೆ, ಮನಸ್ಸಿನ ಲೆಕ್ಕದಲ್ಲೇ ಚೌಕಟ್ಟು ನಿಲ್ಲಿಸುವವರು, ಆ ಲೆಕ್ಕ ಅವರೊಂದಿಗೇ ಹೋಗುತ್ತದೆ. ಇಪ್ಪತ್ತು ಮೀಟರಿನ ಮಂಜಿ 1:50ರಲ್ಲಿ 40 ಸೆಂಟಿಮೀಟರ್, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು. ಹಲಗೆಗೆ ಚನ್ನಪಟ್ಟಣದ ಗೊಂಬೆಗೆ ಬಳಸುವ ನಯವಾದ ಹಾಲೆ ಮರ ಸಾಕು. ಅಳತೆಗೆ ಬೇಕಾದದ್ದು ಟೇಪು, ತೂಗುಗುಂಡು, ನೋಟುಬುಕ್ಕು, ಮತ್ತು ದುರಸ್ತಿಗೆಂದು ದಡಕ್ಕೆ ಎಳೆದಿಟ್ಟ ಮಂಜಿಯ ಮಾಲೀಕರ ಒಪ್ಪಿಗೆ. ಮಳೆಗಾಲದಲ್ಲಿ ಓಡಾಟ ನಿಂತಾಗ ಅದಕ್ಕೆ ಸಮಯವೂ ಸಿಗುತ್ತದೆ. ಪ್ರತಿ ಚೌಕಟ್ಟಿನ ಹತ್ತಿರ ಅಗಲ, ಆಳ ಗುರುತಿಸಿಕೊಂಡು, ಆಚಾರಿ ಹೇಳಿದ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದುಕೊಂಡರೆ ಮೊದಲ ನಕ್ಷೆ ಸಿದ್ಧ. ಕಟ್ಟಿ ಮುಗಿದ ಮಾದರಿಯನ್ನು ಒಳ್ಳೆಯ ಬೆಲೆ ಕೊಟ್ಟು ಕೊಂಡು, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಆಚಾರಿಯ ಮತ್ತು ಕಟ್ಟಿದವರ ಹೆಸರು ಅದರ ಮೇಲೆ ಬರೆಸುವ ಸಂಗ್ರಾಹಕರೊಬ್ಬರು ಕರಾವಳಿಯಲ್ಲಿ ಬೇಕಾಗಿದ್ದಾರೆ.