ಹಾಡು, ಎ.ಸಿ. ಮೊದಲು, ಹೊರಡುವುದು ಆಮೇಲೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕಾರಿನಲ್ಲಿ ಹೊರಟಿದ್ದೀರಿ. ಉಣಕಲ್ ದಾಟುವಾಗ ಸೆಕೆ ಎನಿಸಿ ಎ.ಸಿ. ಗುಂಡಿಗೆ ಕೈ ಹಾಕುತ್ತೀರಿ. ನವಲೂರಿನ ಹತ್ತಿರ ರೇಡಿಯೊದಲ್ಲಿ ಆಕಾಶವಾಣಿ ಹುಡುಕುತ್ತೀರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಎರಡೇ ಸೆಕೆಂಡು ಕಣ್ಣು ಕೆಳಗಿಳಿದರೂ ಕಾರು 33 ಮೀಟರ್ ಕುರುಡಾಗಿ ಓಡಿರುತ್ತದೆ. ಅಷ್ಟರಲ್ಲಿ ಮಗುವೊಂದು ರಸ್ತೆಗಿಳಿದರೆ?

ಆದ್ದರಿಂದ ತಂಪು, ಹಾಡು ಎರಡನ್ನೂ ಹೊರಡುವ ಮುನ್ನವೇ ಹೊಂದಿಸಿಕೊಳ್ಳಿ. ನಡುವೆ ಬದಲಿಸಬೇಕೆನಿಸಿದರೆ ಪಕ್ಕದಲ್ಲಿ ಕುಳಿತವರಿಗೆ ಹೇಳಿ. ಒಬ್ಬರೇ ಇದ್ದರೆ ಬದಿಗೆ ನಿಲ್ಲಿಸಿ. ಆಂಬ್ಯುಲೆನ್ಸ್ ಸದ್ದೂ ಕೇಳದಷ್ಟು ಜೋರು ಹಾಡು ಬೇಡ. ಕಿಟಕಿ ಮುಚ್ಚಿ ಒಳಗಿನ ಗಾಳಿಯನ್ನೇ ಬಹಳ ಹೊತ್ತು ತಿರುಗಿಸಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ತೂಕಡಿಕೆ ಬರಬಹುದು. ಆಗಾಗ ಹೊರಗಿನ ಗಾಳಿ ಬಿಡಿ.

ಇರುವುದು ಸುಮಾರು 20 ಕಿ.ಮೀ. ದಾರಿ. ಬೇಡವಾದ ಹಾಡೊಂದನ್ನು ಕೇಳಿದರೆ ನಷ್ಟವೇನೂ ಇಲ್ಲ.